ಪಿಳ್ಳಮ್ಮಜ್ಜಿಯ ಆಯಸ್ಸು

ಕುಂದಲಹಳ್ಳಿಗೆ ಐಟಿಐ ಫ್ಯಾಕ್ಟರಿ ಬಸ್ಸು ಬರತೊಡಗಿದ ಕಾಲಕ್ಕೆ ಪಿಳ್ಳಮ್ಮಜ್ಜಿಗೆ ನೂರು ದಾಟಿ ಎಷ್ಟೋ ಆಗಿತ್ತು. ಅಜ್ಜಿಗೆ ನೆನಪಿದ್ದದ್ದು ಇಷ್ಟೇ, ಮಹಾ ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ತನ್ನ ಸೊಂಟದ ಮೇಲೆ ಎರಡನೇ ಮಗು ಇತ್ತು. ಜಗಲಿಯ ಮೇಲೆ ಕಾಲು ಚಾಚಿ, ಹಲ್ಲಿಲ್ಲದ ಬಾಯಿಗೆ ಎಲೆಅಡಿಕೆ ಕುಟ್ಟುತ್ತಾ ಕೂತಳೆಂದರೆ, ಎದುರಿಗೆ ಸೀನಿದವರಿಗೆಲ್ಲ ಒಂದೇ ಹಾರೈಕೆ: "ನನ್ನಾಯಸ್ಸೂ ನಿಂಗೇ ಬರ್ಲಿ." ಬಸ್ಸಿನ ಡ್ರೈವರಿಗೂ ಕೊಟ್ಟಾಯಿತು, ಪೋಸ್ಟ್‌ಮ್ಯಾನಿಗೂ ಕೊಟ್ಟಾಯಿತು, ಕೊಟ್ಟಿಗೆಯಲ್ಲಿ ಸೀನಿದ ಕರುವಿಗೂ ಕೊಟ್ಟಾಯಿತು. ತಾನೇ ಸೀನಿದಾಗ ಮರಿಮಕ್ಕಳು "ನೂರು ವರ್ಷ!" ಎಂದು ಕೂಗಿದರೆ, "ಅದು ಆಗೋಯ್ತು ಕಣ್ರೋ, ಮುಂದಿಂದು ಯೋಳಿ" ಎಂದು ಮೈಯೆಲ್ಲ ಅಲುಗುವಂತೆ ನಗುತ್ತಿದ್ದಳು. ಒಂದು ದಿನ ಮೊಮ್ಮಗನ ಹೆಂಡತಿ ವೆಂಕಟಲಕ್ಷ್ಮಿ, ನೀರು ಹಾಕಿಸಲು ಎಳೆಗೂಸನ್ನು ಅಜ್ಜಿಯ ಕಾಲ ಮೇಲೆ ಮಲಗಿಸುತ್ತಾ, "ಇಂಗೆ ಕಂಡೋರಿಗೆಲ್ಲ ಕೊಟ್ರೆ ನಿಂಗೇನು ಉಳೀತದಜ್ಜಿ?" ಎಂದು ಛೇಡಿಸಿದಳು. ಅಜ್ಜಿ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಹೇಳಿದಳು: "ನನ್ ಮಕ್ಳಿಗೆಲ್ಲ ಕೊಟ್ಟೆ ಕಣವ್ವ. ಒಂದೂ ಇಸ್ಕೊಳ್ನಿಲ್ಲ, ಎಲ್ಲಾ ನನ್ಗಿಂತ ಮುಂಚೆ ಒಂಟೋದೋ." ಅಷ್ಟರಲ್ಲಿ ಕೂಸು ಪುಟ್ಟದಾಗಿ ಸೀನಿತು. ಅಜ್ಜಿ ಬಗ್ಗಿ, ಅದರ ಕಿವಿಯ ಹತ್ತಿರ ಬಾಯಿಟ್ಟು ಬೇಡಿಕೊಂಡಳು: "ನೀನಾದ್ರೂ ಇಸ್ಕೋ, ನನ್ನಪ್ಪ."