ಮದಾಂ ಲೂಯಿಜ್ ಅವರ ಫ್ರೆಂಚು

ಜುಲೈ ತಿಂಗಳೆಂದರೆ ಅಮೇರಿಕದಲ್ಲಿ ಸುಡುಬೇಸಿಗೆ ಎಂದು ಯಾರೋ ಹೇಳಿದ್ದನ್ನು ನಂಬಿ ಸ್ವೆಟರನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಬೀಸಿದ ಗಾಳಿಗೆ ಹಲ್ಲು ಕಟಕಟ ಎಂದವು. ಕರೆದೊಯ್ಯಲು ಬಂದಿದ್ದ ಶ್ರೀನಿವಾಸಣ್ಣ, ಅಂದರೆ ನನ್ನ ಕಾಕಾನ ಮಗ, ನಗುತ್ತ ತನ್ನ ಕೋಟು ಬಿಚ್ಚಿಕೊಟ್ಟ. ಅವನ ಮನೆ ಇದ್ದದ್ದು ಮೂವತ್ತು ಮೈಲಿ ದೂರದ ಫ್ರೀಮಾಂಟಿನಲ್ಲಿ. ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ ದಾಟಿ ಕಾರು ಆಚೆ ದಡ ಸೇರಿದ್ದೇ ತಡ, ಬಿಸಿಲು ಚುರುಗುಟ್ಟತೊಡಗಿತು. ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡೆ.

ಅದು ಎಂಬತ್ತರ ದಶಕದ ನಡುಭಾಗ. ನಾನು ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದೆ. ಫ್ರಾನ್ಸನ್ನು ನಕಾಶೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ. ಆದರೆ ನನ್ನ ಉಚ್ಚಾರ ಅಪ್ಪಟ ಪ್ಯಾರಿಸಿನದು ಎಂಬ ಹೆಮ್ಮೆ ಮಾತ್ರ ಬೆಟ್ಟದಷ್ಟಿತ್ತು. ಅದು ಸುಮ್ಮನೆ ಬಂದದ್ದೂ ಅಲ್ಲ. ಬಾಗಲಕೋಟೆಯಲ್ಲಿ ಹುಟ್ಟಿದ ನನ್ನ ನಾಲಿಗೆ ನಮ್ಮ ಗಟ್ಟಿ ರಕಾರವನ್ನು ಬಿಡಲೊಲ್ಲದು. ಪ್ಯಾರಿಸಿನವರ ರಕಾರವೋ ಗಂಟಲಿನ ತಳದಲ್ಲಿ ಹುಟ್ಟುವಂಥದ್ದು. ಹಾಸ್ಟೆಲಿನ ಬಚ್ಚಲಲ್ಲಿ ಬಾಯಿತುಂಬ ನೀರು ಹಾಕಿಕೊಂಡು ಗಳಗಳ ಮಾಡುತ್ತ ಎರಡು ವರ್ಷ ಅದನ್ನು ಸಾಧಿಸಿದ್ದೆ. ಅದೇ ಹಾಸ್ಟೆಲಿನ ಹುಡುಗಿಯರು ನನ್ನ 'ಹೌದ್ರೀ', 'ಇಲ್ರೀ'ಗಳಿಗೆ ಬಿದ್ದು ಬಿದ್ದು ನಕ್ಕು, 'ಶುದ್ಧ ಕನ್ನಡ ಮಾತಾಡೇ' ಎಂದು ಕಾಡಿದ್ದರಿಂದ ಕನ್ನಡವನ್ನೂ ಅಷ್ಟರಲ್ಲೇ ಬೆಂಗಳೂರಿನದಾಗಿ ಬದಲಿಸಿಕೊಂಡಿದ್ದೆ.

ಹಿಂದೊಮ್ಮೆ ನಮ್ಮ ಕಾಲೇಜಿಗೆ ಬಂದಿದ್ದ ಕ್ಯಾರೊಲ್ ಎಂಬ ಅಮೇರಿಕದ ಶಿಕ್ಷಕಿಯೇ ನನ್ನನ್ನು ಕರೆಸಿಕೊಂಡವಳು. ಹೇವರ್ಡಿನಲ್ಲಿ ಅವಳೂ ಅವಳ ಗೆಳೆಯರೂ ಸೇರಿ ದೊಡ್ಡವರಿಗಾಗಿ ಸಂಜೆಯ ಫ್ರೆಂಚ್ ತರಗತಿ ನಡೆಸುತ್ತಿದ್ದರು. ಬೇಸಿಗೆಯಲ್ಲಿ ಒಂದು ವಾರ ಬೇರೆ ಬೇರೆ ಕಡೆಯ ಶಿಕ್ಷಕರನ್ನು ಕೂಡಿಸಿ ಪಾಠಕ್ರಮದ ಚರ್ಚೆ. ಆ ವರ್ಷ ಅವರ ದೊಡ್ಡ ಕೆಲಸವೆಂದರೆ ಹೊಸ ಕ್ಯಾಸೆಟ್ಟು: ಇಪ್ಪತ್ತು ಪಾಠಗಳನ್ನು ಒಂದೇ ದನಿ ಓದಬೇಕು, ಆ ದನಿಯನ್ನು ನಾನೂ ಸೇರಿ ಮೂವರು ಶಿಕ್ಷಕರು ಕೇಳಿ ಆರಿಸಬೇಕು.

ಫ್ರೀಮಾಂಟಿನ ಮನೆಯಲ್ಲಿ ಶ್ರೀನಿವಾಸಣ್ಣನ ತಾಯಿ, ನಮ್ಮ ಕಾಕು, ಮೊದಲ ರಾತ್ರಿಯೇ ಜೋಳದ ರೊಟ್ಟಿ ಬಡಿದು ಹಾಕಿದರು. ಜೋಳದ ಹಿಟ್ಟು ಊರಿನಿಂದ ಯಾರದೋ ಪೆಟ್ಟಿಗೆಯಲ್ಲಿ ಬಂದದ್ದಂತೆ. ನಾನು ಎರಡು ಮಾತಾಡುವಷ್ಟರಲ್ಲಿ ಕಾಕು ಕೈ ತಡೆದು ನನ್ನ ಮುಖ ನೋಡಿದರು.

"ಏನ ಮಾಲತಿ, ನಿನ್ನ ಮಾತು ಕೇಳಿದ್ರ ಯಾರೋ ಮೈಸೂರ ಕಡೆಯವ್ರು ಊಟಕ್ಕ ಬಂದಾರ ಅನಸ್ತದ. ನಾ ಸಮುದ್ರ ದಾಟಿ ಬಂದೀನಿ, ನನ್ನ ಮಾತು ನನ್ನ ಕೂಡನ ಬಂತು ನೋಡು."

ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಬೆಳಿಗ್ಗೆ ಅತ್ತಿಗೆ ಕಾರಿನಲ್ಲಿ ನನ್ನನ್ನು ಮೆಟ್ರೊ ಸ್ಟೇಷನ್ನಿಗೆ ಬಿಟ್ಟು ಆಫೀಸಿಗೆ ಹೋದಳು. ಫ್ರೀಮಾಂಟಿನಿಂದ ಹೇವರ್ಡಿಗೆ ಮೂರನೆಯ ನಿಲ್ದಾಣ, ಕಾಲು ಗಂಟೆಯ ದಾರಿ. ಟಿಕೆಟ್ಟು ಒಂದು ಡಾಲರಿಗಿಂತ ಕಡಿಮೆ. ಕಿಟಕಿಯಾಚೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು, ಈಚೆ ಗೋದಾಮುಗಳ ಸಾಲು. ಸಭೆ ಸೇರಿದ್ದು ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ.

ಕಾಫಿ ಹೊತ್ತಿನಲ್ಲಿ ಗೊತ್ತಾದದ್ದೇನೆಂದರೆ, ಫ್ರೆಂಚ್ ಮಾತಾಡುವವರು ಒಟ್ಟು ಸೇರಿದರೆ ಮೊದಲು ಅಳೆಯುವುದು ಒಬ್ಬರು ಇನ್ನೊಬ್ಬರ ಮಾತಿನ ಧಾಟಿಯನ್ನೇ. ಕೆನಡಾದಿಂದ ಬಂದವನು ಬಾಯಿ ತೆರೆದರೆ ಉಳಿದವರ ತುಟಿಯಂಚಿನಲ್ಲಿ ನಗು. ಬೆಲ್ಜಿಯಮ್ಮಿನವಳು ಎಪ್ಪತ್ತು ಎಂಬುದಕ್ಕೆ ತನ್ನೂರಿನ ಪದ ಬಳಸಿದ್ದಕ್ಕೆ ಅವಳನ್ನು ಊಟ ಮುಗಿಯುವವರೆಗೂ ಗೋಳುಹೊಯ್ದುಕೊಂಡರು. ಈ ನಗುವಿನ ಮುಂದಾಳು ಬೆರ್ನಾರ್ ಎಂಬ ಪ್ಯಾರಿಸಿನ ಶಿಕ್ಷಕ. ಕೆಟ್ಟವನೇನಲ್ಲ, ತನ್ನದು ಧಾಟಿಯೇ ಅಲ್ಲ, ಉಳಿದವರೆಲ್ಲರದ್ದು ಧಾಟಿ ಎಂದು ಮನಸಾರೆ ನಂಬಿದ್ದವನು. ನಾನೂ ನಕ್ಕೆ. ಹಾಸ್ಟೆಲಿನಲ್ಲಿ ನಗಿಸಿಕೊಂಡವಳಿಗೆ ಈಗ ನಗುವವರ ಪಂಕ್ತಿಯಲ್ಲಿ ಎಲೆ ಸಿಕ್ಕಿತ್ತು.

ಕಾಫಿ ಹಂಚುತ್ತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ಮದಾಂ ಲೂಯಿಜ್. ಫ್ರಾನ್ಸಿನ ತೆಂಕಣ ತುದಿಯ ಬೇಆರ್ನ್ ಸೀಮೆಯವರು. ಆ ಕಡೆಯ ಜನ ಒಬ್ಬರ ಹಿಂದೊಬ್ಬರು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಲಾಂಡ್ರಿಗಳನ್ನು ನಡೆಸುತ್ತಿದ್ದರಂತೆ. ಮದಾಂ ಕೂಡ ಹತ್ತೊಂಬತ್ತಕ್ಕೆ ಬಂದು ನಲವತ್ತು ವರ್ಷ ದೊಡ್ಡ ಮನೆಗಳ ಮೇಜುಬಟ್ಟೆ, ಅಂಗಿಯ ಕಾಲರು ಇಸ್ತ್ರಿ ಮಾಡಿದವರು. ಅವರು ಮಾತಾಡಿದ ಕೂಡಲೇ ನಾನು ದಂಗಾದೆ. ಅವರ ರಕಾರ ಗಂಟಲಿನದಲ್ಲ, ನಾಲಿಗೆ ತುದಿಯದು, ನಮ್ಮ ಬಾಗಲಕೋಟೆಯ ರಕಾರವೇ! ಪ್ಯಾರಿಸಿನವರು ನುಂಗುವ ಕೊನೆಯ ಸ್ವರಗಳನ್ನೆಲ್ಲ ಅವರು ಒಂದನ್ನೂ ಬಿಡದೆ ಉಚ್ಚರಿಸುತ್ತಿದ್ದರು. ಬ್ರೆಡ್ಡಿಗೆ ಪ್ಯಾರಿಸಿನಲ್ಲಿ ಮೂಗಿನೊಳಗೇ 'ಪ್ಯಾಂ' ಎಂದರೆ, ಇವರು 'ಪ್ಯಾಂಗ್' ಎಂದು ಗಂಟೆ ಬಾರಿಸುತ್ತಿದ್ದರು. ಅವರ ಮಾತನ್ನು ಕನ್ನಡಕ್ಕೆ ತರುವುದಾದರೆ ನಮ್ಮ ಕಡೆಯ ಕನ್ನಡದಲ್ಲೇ ತರಬೇಕು. ಹಾಗೆಯೇ ತರುತ್ತೇನೆ.

ಕ್ಯಾಸೆಟ್ಟಿಗೆ ದನಿ ಕೊಡಲು ಮುಂದೆ ಬಂದಿದ್ದವರು ಇಬ್ಬರು, ಅವರಲ್ಲಿ ಮದಾಂ ಒಬ್ಬರು. ಇದ್ಯಾಕೆ ಈ ವಯಸ್ಸಿನಲ್ಲಿ ಎಂದು ಕೇಳಿದೆ. ಅವರು ಕಪ್ಪುಗಳನ್ನು ಒರೆಸುತ್ತಲೇ ಹೇಳಿದರು.

"ನನ್ನ ಮೊಮ್ಮಗಳು ಜೂಲಿ ಬರೋ ಸೆಪ್ಟೆಂಬರಿಗೆ ಈ ಕ್ಲಾಸಿಗೆ ಸೇರ್ತಾಳವಾ. ನಾ ಮಾತಾಡಿದ್ದೆಲ್ಲ ಆಕೀಗೆ ತಿಳೀತದ, ಆದ್ರ ಇಂಗ್ಲೀಷಿನಾಗ ಉತ್ತರ ಕೊಡ್ತಾಳ. ಅಜ್ಜೀದು ಹಳ್ಳಿ ಫ್ರೆಂಚು, ಖರೇ ಫ್ರೆಂಚು ಸಾಲ್ಯಾಗ ಕಲೀತೀನಿ ಅಂತಾಳ. ಆ ಸಾಲ್ಯಾಗ ಟೇಪು ಹಚ್ಚಿದ್ರ ನನ್ನ ದನೀನ ಬರಬೇಕು. ಅಷ್ಟಽ ನನ್ನ ಆಶಾ."

ವಶೀಲಿಗಾಗಿ ಹೇಳಿದ ಮಾತಲ್ಲ ಅದು. ಆರಿಸುವವರಲ್ಲಿ ನಾನೂ ಒಬ್ಬಳೆಂಬುದು ಗೊತ್ತಾದಾಗ ಅವರೇ ಮುಜುಗರಪಟ್ಟುಕೊಂಡು, ಭಾನುವಾರ ಮಧ್ಯಾಹ್ನ ತಮ್ಮ ಮನೆಗೆ ಊಟಕ್ಕೆ ಬಾ ಎಂದು ಮಾತು ತಿರುಗಿಸಿದರು. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಅದಕ್ಕೇನು, ಅವರೆಕಾಳು ಎಲೆಕೋಸು ಹಾಕಿ ಸೂಪು ಮಾಡುತ್ತೇನೆ ಎಂದರು.

ಶುಕ್ರವಾರ ನಾವು ಮೂವರು ಟೇಪುಗಳನ್ನು ಕೇಳಿದೆವು: ಕ್ಯಾರೊಲ್, ಬೆರ್ನಾರ್, ನಾನು. ಇನ್ನೊಂದು ದನಿ ತೂರ್ ಪಟ್ಟಣದ ಒಬ್ಬ ಯುವಕನದು. ನುಣುಪಾಗಿತ್ತು, ತಪ್ಪು ಹುಡುಕಲು ಎಡೆಯಿರಲಿಲ್ಲ, ಕೇಳಿ ಮುಗಿದ ಮೇಲೆ ಒಂದು ವಾಕ್ಯವೂ ನೆನಪಿರಲಿಲ್ಲ. ಮದಾಂ ಓದಿದ್ದು ಸಂತೆಗೆ ಹೋಗುವ ಹೆಂಗಸಿನ ಪಾಠ. ಕಣ್ಣು ಮುಚ್ಚಿ ಕೇಳಿದರೆ ಸಂತೆಯ ತರಕಾರಿ ಕಾಣುತ್ತಿತ್ತು. ಕ್ಯಾರೊಲ್ ಇದೇ ಇರಲಿ ಎಂದಳು.

ಬೆರ್ನಾರ್ ಬೇಡವೆಂಬಂತೆ ತಲೆಯಾಡಿಸಿದ. "ದನಿ ಚೆನ್ನಾಗಿದೆ. ಆದರೆ ಇದನ್ನು ಕೇಳಿದರೆ ರಜೆಯ ನೆನಪಾಗುತ್ತದೆಯೇ ಹೊರತು ಪಾಠದ್ದಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಾತಿನಲ್ಲಿ ಯಾವ ಊರೂ ಕೇಳಿಸುವುದಿಲ್ಲ, ಮಾಲತಿ. ಇದು ಬಲು ಅಪರೂಪ. ನೀವೇ ಹೇಳಿ" ಎಂದ.

ಹೊಗಳಿ ಅಟ್ಟಕ್ಕೇರಿಸಿದರೆ ಏಣಿ ತೆಗೆದದ್ದು ಗೊತ್ತಾಗುವುದಿಲ್ಲ. ಪ್ಯಾರಿಸನ್ನೇ ಕಾಣದ ನನಗೆ ಪ್ಯಾರಿಸಿನವನಿಂದ ಸಿಕ್ಕ ಶಹಬ್ಬಾಸ್‌ಗಿರಿ! ಮದಾಂ ಕಪ್ಪು ಒರೆಸುತ್ತ ಹೇಳಿದ್ದೆಲ್ಲ ನೆನಪಿತ್ತು. ಮರೆತಿದ್ದೆ ಎಂದು ಸುಳ್ಳು ಹೇಳಲಾರೆ. ಆದರೂ ಆ ರಕಾರವನ್ನು ಒಪ್ಪಿಬಿಟ್ಟರೆ ನಾನು ಬಚ್ಚಲಲ್ಲಿ ಕಳೆದ ಎರಡು ವರ್ಷಕ್ಕೆ ಏನರ್ಥ ಎಂದು ಒಳಗೊಂದು ಸಿಟ್ಟು ಎದ್ದಿತು. "ಕಲಿಯುವವರ ಕಿವಿಗೆ ಮೊದಲು ಶುದ್ಧವಾದದ್ದು ಬೀಳಬೇಕು" ಎಂದೆ. ಇಬ್ಬರು ಒಂದು ಕಡೆಯಾದೆವು. ಕ್ಯಾರೊಲ್ ಮದಾಂ ಅವರ ಟೇಪನ್ನು ಡಬ್ಬಿಯಲ್ಲಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶನಿವಾರ ಅಣ್ಣ, ಅತ್ತಿಗೆ ಸರಟೋಗಾದ ಗುಡ್ಡಗಳ ಕಡೆ ಸುತ್ತಾಡಿಸಿಕೊಂಡು ಬಂದರು. ಚೆಂದದ ಊರು, ಮರಗಳ ನೆರಳಲ್ಲಿ ಅಡಗಿದ ದೊಡ್ಡ ಮನೆಗಳು. ನನ್ನ ಮನಸ್ಸು ಮಾತ್ರ ಅಲ್ಲಿರಲಿಲ್ಲ. ಮನೆಗೆ ಬಂದು ಕಾಕುವಿಗೆ ಎಲ್ಲ ಹೇಳಿಬಿಟ್ಟೆ. ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. ಅವರು ಕೊತ್ತಂಬರಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಆಕೀ ಹುಟ್ಟಿ ಕಲ್ತ ಮಾತಿಗೆ ನೀ ಮಾರ್ಕ್ಸ್ ಕೊಟ್ಟಿಯೇನು?" ಎಂದರು. ಆಮೇಲೆ, "ನಾಳೆ ಹೋಗ್ತೀಯಲ್ಲ, ಹೇಳಿಬಿಡು. ಬೈಸಿಕೊಂಡ್ರ ಹಗುರ ಆಗ್ತದ" ಎಂದರು.

ಹೇಳಿಯೇಬಿಡುವುದು ಎಂದು ನಿಶ್ಚಯಿಸಿ ಭಾನುವಾರ ಹೊರಟೆ. ಓಕ್ಲೆಂಡಿನಲ್ಲಿ ರೈಲು ಬದಲಿಸಿ, ಕೊಲ್ಲಿಯ ನೀರಿನಡಿಯ ಸುರಂಗದಲ್ಲಿ ಹಾದು ಸ್ಯಾನ್ ಫ್ರಾನ್ಸಿಸ್ಕೋ ತಲುಪಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಟಿಕೆಟ್ಟು ಸುಮಾರು ಎರಡು ಡಾಲರು. ಫ್ರೀಮಾಂಟಿನಲ್ಲಿ ಬೆವರಿದ್ದವಳು ಅಲ್ಲಿ ಅತ್ತಿಗೆಯ ಸ್ವೆಟರು ಹಾಕಿಕೊಂಡು ಮಂಜಿನಲ್ಲಿ ಏರುದಾರಿ ಹತ್ತಿದೆ. ಮೆಟ್ಟಿಲ ಮೇಲಿನ ಎರಡು ಕೋಣೆಯ ಅಪಾರ್ಟ್‌ಮೆಂಟು. ಮೇಜಿನ ಮೇಲೆ ಒಂದು ಸುಕ್ಕೂ ಇಲ್ಲದ ಬಿಳಿ ಬಟ್ಟೆ, ಹುಳಿ ಬ್ರೆಡ್ಡು, ಹಬೆಯಾಡುವ ಸೂಪು. ಜೂಲಿಯೂ ಬಂದಿದ್ದಳು. ಹದಿನೆಂಟರ ಹುಡುಗಿ, ಒರಟಲ್ಲ, ಅಜ್ಜಿಗೆ ಕುರ್ಚಿ ಎಳೆದುಕೊಟ್ಟಳು. ಆದರೆ ಅಜ್ಜಿ ಫ್ರೆಂಚಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲೀಷಿನಲ್ಲಿ ಉತ್ತರಿಸುತ್ತಿದ್ದಳು. ನಮ್ಮ ಶ್ರೀನಿವಾಸಣ್ಣನ ಮಕ್ಕಳೂ ಕಾಕುವಿನ ಜೊತೆ ಹಾಗೆಯೇ.

ನಾನು ಚಮಚ ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಮದಾಂ ನನ್ನ ಕೈ ಹಿಡಿದರು.

"ಕ್ಯಾರೊಲ್ ಹೇಳಿದಳವಾ. ಇಬ್ರು ಬ್ಯಾಡ ಅಂದ್ರಂತ, ಒಬ್ರು ನನ್ನ ಕಡೆ ಇದ್ರಂತ. ಯಾರು ಅಂತ ಆಕೀ ಹೇಳಲಿಲ್ಲ. ಹೇಳೂದೇನದ, ಅದು ನೀನಽ ಅಂತ ನನಗ ಗೊತ್ತದ."

ಆ ಹೊತ್ತಿಗೆ 'ಅಲ್ಲ' ಎಂಬ ಒಂದೇ ಪದ ಸಾಕಿತ್ತು. ಅಷ್ಟು ಫ್ರೆಂಚು ಯಾವ ಧಾಟಿಯಲ್ಲಾದರೂ ಹೇಳಬಹುದಿತ್ತು. ನಾನು ಸೂಪು ಕುಡಿದೆ.

ಊಟವಾದ ಮೇಲೆ ಅವರು ಸಂತೆಯ ಪಾಠದ ಹಾಳೆ ತಂದು ನನ್ನ ಮುಂದಿಟ್ಟರು. ಮುಂದಿನ ವರ್ಷ ಇನ್ನೊಂದು ಕ್ಯಾಸೆಟ್ಟು ಮಾಡುತ್ತಾರಂತೆ, ಅಷ್ಟರಲ್ಲಿ ಪ್ಯಾರಿಸಿನವರ ಹಾಗೆ ಓದಲು ಕಲಿಸು ಎಂದರು. ನಿಮ್ಮದೇ ಚೆನ್ನಾಗಿದೆ ಎಂದು ನಾನು ಒಂದೆರಡು ಸಲ ಅಂದೆ. ಹೊಟ್ಟೆಯೊಳಗಿನ ಮಾತನ್ನು ಅಡಗಿಸಿಟ್ಟುಕೊಂಡವಳ ಮಾತಿಗೆ ತೂಕವೆಲ್ಲಿಂದ ಬರಬೇಕು? ಅವರು ನನ್ನ ತೋಳು ತಟ್ಟಿ ಹಾಳೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಕೊನೆಗೆ ಕಲಿಸಿದೆ. ಒಂದೂವರೆ ಗಂಟೆ ಕಲಿಸಿದೆ. ಇಲ್ಲಿ ನುಂಗಿ, ಇಲ್ಲಿ ಮೂಗಿನಲ್ಲೇ ನಿಲ್ಲಿಸಿ, ರಕಾರವನ್ನು ಗಂಟಲಿಗೆ ಇಳಿಸಿ. ಅವರು ಲೋಟದಲ್ಲಿ ನೀರು ತಂದು ನಾನು ಹೇಳಿದ ಹಾಗೆ ಗಳಗಳ ಮಾಡಿದರು. ನಲವತ್ತು ವರ್ಷ ಕಾಲರಿನ ಸುಕ್ಕು ತೆಗೆದ ಹೆಂಗಸು. ಹಿಡಿದ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಸಂಜೆಯ ಹೊತ್ತಿಗೆ ನಾಲ್ಕು ಸಾಲು ನಯವಾಗಿ ಬಂದವು. ಸಂತೆ ಮಾತ್ರ ಎಲ್ಲೂ ಕಾಣಲಿಲ್ಲ.

ಸೋಫಾದ ಮೇಲೆ ಓದುತ್ತಿದ್ದ ಜೂಲಿ ಪುಸ್ತಕ ಮಡಿಸಿ ಅಜ್ಜಿಯ ಹತ್ತಿರ ಬಂದು ಕುಳಿತಳು. "ಈಗ ಪಾಠದ ಟೇಪಿನ ಹಾಗೇ ಇದೆ, ಅಜ್ಜಿ" ಎಂದಳು. ನಾನು ಬಂದಾಗಿನಿಂದ ಅವಳು ಫ್ರೆಂಚಿನಲ್ಲಿ ಆಡಿದ ಮೊದಲ ಮಾತು ಅದು. ಮದಾಂ ಮುಖ ಎಷ್ಟು ಅರಳಿತೆಂದರೆ ನನಗೆ ಅಲ್ಲಿ ಕೂರಲಾಗಲಿಲ್ಲ. ರೈಲಿನ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಬುಧವಾರ ಮಧ್ಯಾಹ್ನ ನನ್ನ ವಿಮಾನ. ಸಾಮಾನು ಒಪ್ಪಿಸಿ, ಅಣ್ಣನನ್ನು ಕಳಿಸಿ, ನಿಲ್ದಾಣದ ಫೋನಿಗೆ ನಾಣ್ಯ ಹಾಕಿದೆ. ಎದುರು ಕೂತು ಹೇಳಲಾಗದ್ದನ್ನು ತಂತಿಯ ಮೂಲಕವಾದರೂ ಹೇಳಿಬಿಡಬೇಕು, ಬೇಡವೆಂದ ಆ ಎರಡನೆಯ ಮತ ನನ್ನದು ಎಂದು. ಆ ಕಡೆ ಒಬ್ಬ ಹೆಂಗಸು ಫೋನ್ ಎತ್ತಿದರು. ದನಿ ಗುರುತು ಸಿಗಲಿಲ್ಲ. ಮದಾಂ ಲೂಯಿಜ್ ಇದ್ದಾರೆಯೇ ಎಂದು ಕೇಳಿದೆ.

ಇಲ್ಲಿಯವರೆಗೆ ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತ ಬಂದೆ. ಇದನ್ನು ಹಾಗೆ ಬರೆಯಲು ಬರುವುದಿಲ್ಲ.

"ನಾನೇ ಲೂಯಿಜ್ ಮಾತನಾಡುತ್ತಿದ್ದೇನೆ" ಎಂದರು, ಒಂದೊಂದೇ ಪದವನ್ನು ಇಸ್ತ್ರಿ ಮಾಡಿಟ್ಟ ಹಾಗೆ. "ನಿಮ್ಮ ಪ್ರಯಾಣ ಸುಖಕರವಾಗಿರಲಿ. ಜೂಲಿ ಈಗ ಪ್ರತಿದಿನ ನನ್ನೊಡನೆ ಅಭ್ಯಾಸಕ್ಕೆ ಕುಳಿತುಕೊಳ್ಳುತ್ತಾಳೆ." ಆಮೇಲೆ ಕೇಳಿದರು, "ನಾನು ಹೇಳಿದ್ದು ಸರಿಯಾಗಿತ್ತೇ?"

ನನ್ನ ವಿಮಾನದ ಹೆಸರು ಕೂಗುತ್ತಿದ್ದರು.

"ಸರಿಯಾಗಿತ್ತು, ಮದಾಂ" ಎಂದೆ.