ಸಸ್ಯಾಹಾರಿ ಹೋಟೆಲಿನ ಸೈಟಿನಲ್ಲಿ ಬಂಗುಡೆ ಫ್ರೈ

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬಿ.ಕಾಂ. ಮುಗಿಸಿದ ನಾನು ಮರಾಠಿ ಸೀಮೆಯ ಊರಲ್ಲಿ, ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರದ ಸಣ್ಣ ಆಫೀಸೊಂದರಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸಕ್ಕಿದ್ದೆ. ಹೋಟೆಲಿನವರು ತಿಂಡಿಪಟ್ಟಿಯನ್ನು ತಾವೇ ಬದಲಿಸಿಕೊಳ್ಳಬಹುದಾದ ಸೈಟು ಕೇಳುತ್ತಿದ್ದರು. ಒಂದೊಂದಕ್ಕೂ ಫೈಲುಗಳನ್ನು ಸರ್ವರಿಗೆ ಏರಿಸಿ, ತಿಂಡಿಪಟ್ಟಿ ಕೂಡಿಡುವ ಡೇಟಾಬೇಸ್ ತೆರೆದು, ಫಾರ್ಮು ತುಂಬುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಬೇಸತ್ತು, ಊಟದ ಬಿಡುವಿನಲ್ಲಿ ಕೂತು ಎರಡು ತಿಂಗಳಲ್ಲಿ ಒಂದು ಸ್ಕ್ರಿಪ್ಟ್, ಎಂದರೆ ಸಣ್ಣ ಪ್ರೋಗ್ರಾಮು, ಬರೆದೆ. ಕಪ್ಪು ಪರದೆಯ ಮೇಲೆ ಹೋಟೆಲಿನ ಹೆಸರು ಸೇರಿಸಿ ಒಂದು ಸಾಲು ಟೈಪಿಸಿದರೆ ಸಾಕು, ಮಿಕ್ಕದ್ದನ್ನು ಅದೇ ಮಾಡುತ್ತಿತ್ತು. ಆಫೀಸಿನ ಯಜಮಾನರು ನಂಬದೆ ಎರಡು ಸಲ ಮಾಡಿಸಿ ನೋಡಿದರು.

ಅದನ್ನು ಬಳಸತೊಡಗಿದ ಮೂರನೆಯ ವಾರ ಫೋನು ಬಂತು. ಉಡುಪಿ ಕಡೆಯ ಹಿರಿಯರೊಬ್ಬರ ಶುದ್ಧ ಸಸ್ಯಾಹಾರಿ ಹೋಟೆಲಿನ ಸೈಟಿನಲ್ಲಿ ಬಂಗುಡೆ ಮೀನಿನ ಫ್ರೈ ಕಾಣಿಸುತ್ತಿದೆಯಂತೆ. ಹುಡುಕಿದರೆ ತಪ್ಪು ನನ್ನದೇ. ಡೇಟಾಬೇಸಿಗೆ ಹೆಸರಿಡಲು ನನ್ನ ಸ್ಕ್ರಿಪ್ಟ್ ಹೋಟೆಲಿನ ಹೆಸರಿನ ಮೊದಲ ಎಂಟು ಅಕ್ಷರವಷ್ಟೇ ತೆಗೆದುಕೊಳ್ಳುತ್ತಿತ್ತು. ಹಿಂದಿನ ದಿನ ಸೇರಿಸಿದ್ದ ಮೀನೂಟದ ಹೋಟೆಲಿನ ಹೆಸರೂ ಹಿರಿಯರ ಹೋಟೆಲಿನ ಹಾಗೆ ಅದೇ ದೇವರ ಹೆಸರಿನಿಂದ ಶುರುವಾಗುತ್ತಿತ್ತು. ಹೊಸದು ಹೋಗಿ ಹಳೆಯದರ ಮೇಲೆ ಕೂತಿತ್ತು.

ಸರ್ವರ್ ಕೆಟ್ಟಿದೆ ಎಂದು ಹೇಳಿಬಿಡೋಣ ಎಂದರು ಯಜಮಾನರು. ನನಗೆ ಮನಸ್ಸು ಒಪ್ಪಲಿಲ್ಲ. ಅದೇ ಹೆಸರು ಮೊದಲೇ ಇದ್ದರೆ ಸ್ಕ್ರಿಪ್ಟ್ ನಿಂತು ಎಚ್ಚರಿಸುವ ಹಾಗೆ ತಿದ್ದಿ, ಬಸ್ಸು ಹತ್ತಿ ಹೋಟೆಲಿಗೆ ಹೋದೆ.

"ಯಾರಮ್ಮ ಇದನ್ನು ಮಾಡಿದ್ದು?" ಹಿರಿಯರು ಗಲ್ಲಾದಿಂದಲೇ ಕೇಳಿದರು.

"ನಾನ ಮಾಡೇನ್ರಿ. ತಪ್ಪು ನಂದ ಅದ. ನಿಮ್ಮ ಮುಂದನ ಸರಿ ಮಾಡ್ತೀನ್ರಿ."

ಅವರು ಎದ್ದು, ಗಲ್ಲಾದ ಕಂಪ್ಯೂಟರಿನ ಮುಂದೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಸರ್ವರಿಗೆ ಸಂಪರ್ಕ ಮಾಡಿ, ಮೊದಲು ಬೇಕೆಂದೇ ಹಳೆಯ ಹೆಸರು ಕೊಟ್ಟೆ. ಈ ಹೆಸರು ಆಗಲೇ ಇದೆ ಎಂದು ಸ್ಕ್ರಿಪ್ಟ್ ನಿಂತಿತು. ಬೇರೆ ಹೆಸರು ಕೊಟ್ಟಾಗ ಸಾಲುಗಳು ಸರಸರನೆ ಓಡಿದವು. ಸರ್ವರಿನಲ್ಲಿ ಮೊದಲೇ ತೆಗೆದಿಟ್ಟಿದ್ದ ಹಳೆಯ ಪಟ್ಟಿಯ ಪ್ರತಿಯಿಂದ ಇಡ್ಲಿ, ವಡೆ, ಮಸಾಲೆ ದೋಸೆ ಎಲ್ಲ ತಮ್ಮ ಜಾಗಕ್ಕೆ ಬಂದವು. ಬೆನ್ನ ಹಿಂದೆ ಮಾಣಿಗಳು, ಗಿರಾಕಿಗಳು ಸೇರಿ ನೋಡುತ್ತಿದ್ದರು.

ಹಿರಿಯರು ಅಲ್ಲಿಂದಲೇ ನಮ್ಮ ಯಜಮಾನರಿಗೆ ಫೋನು ಹಚ್ಚಿದರು. "ಇನ್ನು ನಮ್ಮ ಸೈಟನ್ನು ಇವಳೇ ನೋಡಬೇಕು ಮಾರಾಯ್ರೇ," ಎಂದರು. ಆ ವರ್ಷವೇ ಅವರ ನೆಂಟರಿಷ್ಟರ ಹೋಟೆಲುಗಳೆಲ್ಲ ನಮ್ಮಲ್ಲಿಗೆ ಬಂದವು. ಆಫೀಸಿನವರೆಲ್ಲ ನನ್ನ ಸ್ಕ್ರಿಪ್ಟನ್ನೇ ಬಳಸತೊಡಗಿದರು.

ಮುಂದೆ ನಾನು ಪಿಂಪ್ರಿ-ಚಿಂಚವಾಡದಲ್ಲಿ ಬೇರೆ ಕೆಲಸಕ್ಕೆ ಸೇರಿದೆ. ಮೂರು ವರ್ಷದ ಮೇಲೆ ಹಳೆಯ ಆಫೀಸಿಗೆ ಸುಮ್ಮನೆ ಹೋದಾಗ, ಹೊಸದಾಗಿ ಸೇರಿದ್ದ ಒಬ್ಬಾಕೆ, ನಾನು ಯಾರೆಂದು ತಿಳಿಯದೆ, ಒಂದೇ ಸಾಲಿನಲ್ಲಿ ಸೈಟು ಹೇಗೆ ಏಳುತ್ತದೆಂದು ಮರಾಠಿಯಲ್ಲಿ ವಿವರಿಸಿದಳು. ಆ ಸ್ಕ್ರಿಪ್ಟ್ ಬರೆದವಳು ನಾನೇ ಎಂದು ಅವಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಿದ್ದಳು, ಕೊನೆಯವರೆಗೂ ಕೇಳಿಸಿಕೊಂಡೆ.