ಎರಡು ಎಡತೋಳಿನ ಕೋಟು

ನನ್ನ ಗಂಡ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ನಮ್ಮ ಬೀದಿಯಲ್ಲಿ ಅವರನ್ನು ಕರೆಯುವುದೇ ಅಳತೆ ಮಾಸ್ತರರು ಎಂದು. ಮನುಷ್ಯ ಬಾಗಿಲಲ್ಲಿ ಬಂದು ನಿಂತರೆ ಸಾಕು, ಟೇಪು ಮುಟ್ಟುವ ಮುಂಚೆಯೇ ಭುಜ ಇಷ್ಟು, ಸೊಂಟ ಇಷ್ಟು ಎಂದು ಹೇಳಿಬಿಡುತ್ತಾರೆ. ಚರ್ಚಿನಲ್ಲಿ ಪಾಸ್ಟರು ಪ್ರಸಂಗ ಮಾಡುತ್ತಿದ್ದರೆ ಇವರು ಪಾಸ್ಟರ ಕಾಲರಿನ ಹೊಲಿಗೆ ನೋಡುತ್ತ ಕೂರುತ್ತಾರೆ. ನಾನು ಮೊಣಕೈಯಿಂದ ತಿವಿಯಬೇಕು. ಇಂಥವರ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಕ್ಕೆ ಪರಲೋಕದಲ್ಲಿ ನನಗೊಂದು ಕಿರೀಟ ಕಾದಿರಬೇಕು. ಇರಲಿ, ಆ ಮಾತು ಈಗ ಬೇಡ.

ಹೇಳಹೊರಟಿದ್ದು ಅವರ ನೆಮ್ಮದಿಯ ವಿಷಯ. ಅದು ಅವರಿಗೆ ಇರಲೇ ಇಲ್ಲ. ಊಟದ ನಡುವೆ ಎದ್ದು ಅಂಗಡಿಗೆ ಹೋಗುವರು. ಭಾನುವಾರ ಬಿಡುವಾಗಿ ಕೂತುಕೊಳ್ಳಿ ಎಂದರೆ ಕುರ್ಚಿಯಲ್ಲಿ ಮುಳ್ಳಿದ್ದ ಹಾಗೆ ಮಿಸುಕಾಡುವರು. ಕೋಟು ಗಿರಾಕಿಯ ಮೈಮೇಲೆ ಹೋದಮೇಲೂ ಬಿಡರು. ಒಬ್ಬ ಮೇಷ್ಟ್ರನ್ನು ಬಸ್ ನಿಲ್ದಾಣದವರೆಗೆ ಅಟ್ಟಿಸಿಕೊಂಡು ಹೋಗಿ, ಎಲ್ಲರೆದುರು ಎರಡೂ ಕೈ ಚಾಚಿಸಿ, ತೋಳು ಅಳೆದು ಬಂದಿದ್ದಾರೆ. ಪಾಪ, ಅಷ್ಟರಲ್ಲಿ ಮೇಷ್ಟ್ರ ಬಸ್ಸು ಹೊರಟೇಹೋಯಿತು. ಕಸುಬಿನ ಮೇಲಿನ ಶ್ರದ್ಧೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ನನ್ನ ತಲೆ!

ನಮ್ಮ ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಫೋಟೋ ಸ್ಟುಡಿಯೋದ ಮೆಟ್ಟಿಲ ಕೆಳಗೆ ಒಂದು ಗೂಡಿನಂಥ ಜಾಗವಿದೆ. ಅಲ್ಲಿ ಒಂದು ಮಿಷನ್ನು, ಒಂದು ಸ್ಟೂಲು ಇಟ್ಟುಕೊಂಡು, ಹರಿದ ಚೀಲ, ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು ಸರಿಮಾಡುತ್ತ ಕೂರುವವನು ಇವರ ಚಿಕ್ಕಪ್ಪನ ಮಗ. ಬೀದಿಯವರ ಬಾಯಲ್ಲಿ ಅವನ ಹೆಸರು ಎಡತೋಳು. ಮೊದಲು ಅಣ್ಣತಮ್ಮಂದಿರಿಬ್ಬರೂ ನಮ್ಮ ಅಂಗಡಿಯಲ್ಲೇ ಜೊತೆಗೆ ಕೆಲಸ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ದೊಡ್ಡ ಡಾಕ್ಟರು ಎಲ್ಲಿಂದಲೋ ತರಿಸಿದ ದುಬಾರಿ ಬಟ್ಟೆ ತಂದುಕೊಟ್ಟರು. ಬಟ್ಟೆ ಕಡಿಮೆ ಇತ್ತು. ಬಟ್ಟೆ ಸಾಕಷ್ಟಿದ್ದರೆ ಮಡಿಸಿ ಒಂದೇ ಸಲಕ್ಕೆ ಎರಡೂ ತೋಳು ಕತ್ತರಿಸುತ್ತಾರೆ. ಆಗ ಒಂದು ಎಡಕ್ಕೆ, ಒಂದು ಬಲಕ್ಕೆ ತಾನಾಗಿಯೇ ಆಗುತ್ತದೆ. ಕಡಿಮೆ ಇದ್ದರೆ ಒಂದೊಂದೇ ಕತ್ತರಿಸಬೇಕು, ಎರಡನೆಯದಕ್ಕೆ ಕಾಗದದ ಮಾದರಿಯನ್ನು ಮಗುಚಿ ಹಾಕಬೇಕು. ಮಗುಚುವುದು ಮರೆತುಹೋಗಿತ್ತು. ಎರಡೂ ಎಡತೋಳೇ ಆಯಿತು!

ಡಾಕ್ಟರು ಅಂಗಡಿಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಯಾರು ಕತ್ತರಿಸಿದ್ದು ಎಂದು ಕೇಳಿದಾಗ ನನ್ನ ಗಂಡ, "ನಮ್ಮ ತಮ್ಮ" ಎಂದರು. ತಮ್ಮ ಒಂದು ಸಲ ಇವರ ಮುಖ ನೋಡಿದ. ತುಟಿ ಎರಡು ಮಾಡಲಿಲ್ಲ. ಸಂಜೆ ತನ್ನ ಕತ್ತರಿ ತೆಗೆದುಕೊಂಡು ಹೊರಟುಹೋದ. ಆಮೇಲೆ ಅವನ ಕೈಗೆ ಹೊಸ ಬಟ್ಟೆ ಕೊಟ್ಟವರಿಲ್ಲ. ನಾನೂ ಇವರ ಮಾತು ನಂಬಿ, ದಾರಿಯಲ್ಲಿ ಸಿಕ್ಕರೆ ಮೂತಿ ತಿರುವಿಕೊಂಡು ಹೋಗುತ್ತಿದ್ದೆ.

ಹೋದ ವರ್ಷ ಒಬ್ಬ ಹೆಂಗಸು ಹಳೆಯ ಕೋಟನ್ನು ಬಿಗಿಮಾಡಿಸಲು ಬಂದರು. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ಇವರು ಅವರ ತೋಳನ್ನು ಒಂದು ಸಲ ಅಳೆದರು, ಎರಡು ಸಲ ಅಳೆದರು, ನಾಲ್ಕನೇ ಸಲಕ್ಕೆ ಟೇಪು ಎತ್ತಿದಾಗ ಆಕೆ ಕೇಳಿದರು:

"ಮಾಸ್ತರೇ, ನನ್ನ ಕೈ ಬೆಳೀತಾ ಇದ್ಯಾ?"

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಇವರು ಪೆಚ್ಚಾದರು. ಆಕೆ ನಗಲಿಲ್ಲ. "ತುಂಬ ದಣಿದಿದೀರಿ. ಶನಿವಾರ ಮಧ್ಯಾಹ್ನ ನಮ್ಮನೇಗೆ ಬನ್ನಿ, ನಾವೊಂದೈದಾರು ಜನ ಸೇರ್ತೀವಿ" ಎಂದರು. ಪ್ರಾರ್ಥನೆಯ ಗುಂಪು ಎಂದೊಡನೆ ನನ್ನ ಗಂಡ ಎದೆ ಉಬ್ಬಿಸಿ ಹೊರಟರು, ಜೊತೆಗೆ ನಾನೂ. ವೇದವಾಕ್ಯಗಳು ಇವರಿಗೆ ನಾಲಿಗೆಯ ತುದಿಯಲ್ಲಿ. ಎಲ್ಲಿ ಕೇಳಿದರೂ ಅರ್ಧಗಂಟೆ ವಿವರಣೆ ಕೊಡಬಲ್ಲರು.

ಅಲ್ಲಿ ವಿವರಣೆ ಯಾರಿಗೂ ಬೇಕಿರಲಿಲ್ಲ. ನರ್ಸಮ್ಮನ ಮನೆಯ ಪದ್ಧತಿಯೇ ಬೇರೆ. ಯೇಸುಸ್ವಾಮಿಯ ಒಂದು ಮಾತು ಓದುವುದು; ಮುಂದಿನ ಶನಿವಾರ ಆ ಮಾತಿನಂತೆ ಏನು ಮಾಡಿದಿರಿ ಎಂದು ಹೇಳುವುದು. ಏನು ತಿಳಿಯಿತು ಎನ್ನುವಂತಿಲ್ಲ. ಗುಂಪಿನಲ್ಲಿದ್ದ ಪೋಸ್ಟ್‌ಮ್ಯಾನ್ ಹೇಳಿದ, "ಮೂರನೇ ಮನೆ ಅಜ್ಜ ಬೈದ್ರು, ನಾನು ವಾಪಸ್ ಬೈಲಿಲ್ಲ. ನಗಾಡಕ್ಕಂತೂ ಆಗಲಿಲ್ಲ." "ಸರಿ" ಎಂದರು ನರ್ಸಮ್ಮ. ನಾನು ಪಕ್ಕದ ಮನೆಯವಳ ಜೊತೆ ಮಾತು ಬಿಟ್ಟಿದ್ದವಳು, ಹೋಗಿ ಮಾತಾಡಿಸಿದೆ ಎಂದೆ. ನನ್ನ ಗಂಡನ ಸರದಿ ಬಂತು. ಇವರು ಗಂಟಲು ಸರಿಮಾಡಿಕೊಂಡು, "ಈ ವಾಕ್ಯದ ಮೂಲ ಅರ್ಥ ಏನಪ್ಪಾ ಅಂದ್ರೆ" ಎಂದು ಶುರುಮಾಡಿದರು. ನರ್ಸಮ್ಮ ಇಂಜೆಕ್ಷನ್ ಕೊಡುವವರ ಹಾಗೆ ಮೆತ್ತಗೆ ಚುಚ್ಚಿದರು: "ಅದಲ್ಲ ಮಾಸ್ತರೇ. ಮಾಡಿದ್ದೇನು?"

ಇವರು ತೆರೆದಿಟ್ಟುಕೊಂಡಿದ್ದ ಬೈಬಲನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದು ಹೇಳಿದರೆ ನೀವು ನನ್ನನ್ನು ಕೆಟ್ಟವಳು ಎಂದುಕೊಳ್ಳುತ್ತೀರಿ.

ಒಂದು ಶನಿವಾರ ಭಾರ ಹೊತ್ತವರನ್ನು ಯೇಸುಸ್ವಾಮಿ ಕರೆದ ಭಾಗ ಓದಿದೆವು. ನರ್ಸಮ್ಮ ಅಂದರು, "ವಿಶ್ರಾಂತಿ ಕೊಡ್ತೀನಿ ಅನ್ನೋವರೆಗೆ ಕೇಳ್ಕೊಂಡು ನಾವೆಲ್ಲ ಆಮೆನ್ ಹೇಳಿ ಎದ್ದುಬಿಡ್ತೀವಿ. ಅವನ ನೊಗ ಹೊತ್ಕೊಂಡು ಅವನಿಂದ ಕಲೀಬೇಕು ಅಂತಾನೂ ಅಲ್ಲೇ ಇದೆಯಲ್ಲ. ಆ ನೊಗ ಯಾರಿಗೂ ಬೇಡ." ಅದರ ಮುಂದಿನ ವಾರ ಓದಿದ್ದು, ದೇವರಿಗೆ ಕಾಣಿಕೆ ಕೊಡುವ ಮುಂಚೆ ಸಹೋದರನ ಹತ್ತಿರ ಹೋಗಿ ರಾಜಿಯಾಗು ಎನ್ನುವ ಮಾತು. ಅಲ್ಲಿಂದ ಇವರು ಮಂಕಾದರು. ಮೂರು ಶನಿವಾರ ಸಾಲಾಗಿ, "ಏನೂ ಮಾಡಿಲ್ಲ" ಎಂದರು. ನರ್ಸಮ್ಮ ಕೆದಕಲಿಲ್ಲ, ಬುದ್ಧಿ ಹೇಳಲಿಲ್ಲ. "ಸರಿ, ಮುಂದಿನ ವಾರ" ಎಂದಷ್ಟೇ ಹೇಳಿದರು. ಬೈದಿದ್ದರೆ ಇವರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮೂರನೇ ಶನಿವಾರ ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದರು:

"ಆ ಎರಡು ಎಡತೋಳು ಕತ್ತರಿಸಿದ್ದು ನಾನು ಕಣೇ."

ನನ್ನ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಪಿತ್ತ ನೆತ್ತಿಗೇರಿತು. "ಹತ್ತೊಂಬತ್ತು ವರ್ಷ! ಆ ಮನುಷ್ಯನ ಹೆಂಡ್ತಿ ಎರಡನೇ ಮಗು ಹೆತ್ತಾಗ್ಲೂ ನಾನು ಹೋಗಿ ನೋಡಲಿಲ್ಲ! ನನ್ನ ಕೈಲೂ ಪಾಪ ಮಾಡಿಸಿದ್ರಲ್ರೀ!" ಎಂದು ಬಾಯಿಗೆ ಬಂದಂತೆ ಅಂದೆ. ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ಒಂದು ಕಾಗದ ಬರೆದುಕೊಡ್ಲಾ? ಇಲ್ಲಾಂದ್ರೆ ಹೊಸ ಮಿಷನ್ನು ಕೊಡಿಸಿದ್ರೆ?" ಎಂದರು.

"ಕಾಗದದಲ್ಲಿ ಹೊರಿಸಿದ್ರಾ ತಪ್ಪು? ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಹೊರಿಸಿದ್ರಿ. ಹಾಗೇ ಇಳಿಸಬೇಕು."

"ಹೆಸರು ಹೋಗತ್ತೆ ಕಣೇ. ನಾನು ಸಂಪಾದಿಸಿದ್ದು ಅದೊಂದೇ."

ಅವರ ಕಣ್ಣಲ್ಲಿ ಎಂಥ ಹೆದರಿಕೆಯಿತ್ತೆಂದರೆ ನನ್ನ ಕೋಪ ಅಲ್ಲೇ ಇಳಿಯಿತು. ಕೂರಿಸಿ ನೀರು ಕೊಟ್ಟೆ. ಇಬ್ಬರೂ ಪ್ರಾರ್ಥನೆ ಮಾಡಿದೆವು. ವೇದವಾಕ್ಯ ಒಂದೂ ಅವರ ಬಾಯಿಗೆ ಬರಲಿಲ್ಲ. "ಸ್ವಾಮೀ, ಕೈ ಹಿಡ್ಕೊಂಡು ಕರ್ಕೊಂಡೋಗು" ಎಂದರು, ಅಷ್ಟೆ.

ಸೋಮವಾರ ಹತ್ತು ಗಂಟೆ. ಬೀದಿ ತುಂಬ ಜನ. ನನ್ನ ಗಂಡ ಟೇಪನ್ನು ಕೊರಳಿಂದ ತೆಗೆದಿಟ್ಟು ರಸ್ತೆ ದಾಟಿದರು. ಹಿಂದೆಯೇ ನಾನೂ ಹೋದೆ. ಮೈದುನ ಒಂದು ಶಾಲೆಚೀಲದ ಜಿಪ್ಪು ಬಿಚ್ಚುತ್ತಿದ್ದ. ಇವರು ಅವನ ಮುಂದೆ ನಿಂತು ಬೀದಿಗೆ ಕೇಳುವ ಹಾಗೆ ಹೇಳಿದರು:

"ಡಾಕ್ಟರ ಕೋಟಿನ ತೋಳು ತಪ್ಪು ಕತ್ತರಿಸಿದ್ದು ನಾನು. ತಮ್ಮನ ಮೇಲೆ ಹಾಕಿದ್ದು ಸುಳ್ಳು. ನನ್ನ ಕ್ಷಮಿಸಪ್ಪಾ."

ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯೂ ಹೊರಗೆ ಬಂದ. ಕ್ಷೌರಿಕ ಕೈಯಲ್ಲಿ ಬ್ರಶ್ಶು ಹಿಡಿದೇ ಕೇಳಿದ, "ಹಾಗಾದ್ರೆ ನೀನು ಯಾಕೋ ಬಾಯಿ ಬಿಡಲಿಲ್ಲ?"

ಮೈದುನ ಜಿಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ನಾಳೆ ಇವರೇ ಹೇಳ್ತಾರೆ ಅಂತ ಕಾದೆ. ನಾಳೆ, ನಾಳೆ ಅಂತ ಇಷ್ಟಾಯ್ತು" ಎಂದ. ಅಣ್ಣ ಅನ್ನಲಿಲ್ಲ. ಯಾರೋ ಗಿರಾಕಿಯನ್ನು ಅನ್ನುವಂತೆ ಇವರು ಎಂದ. ಆಮೇಲೆ ತಲೆಯೆತ್ತಿ, "ನೀವು ಹೇಳಿದ್ರಿ, ನಾನು ಕೇಳಿದೆ. ಕ್ಷಮಿಸು ಅಂದ್ರೆ ಇವತ್ತಾಗಲ್ಲ. ನಿಮ್ಮ ಅಂಗಡಿ ಬಾಗಿಲು ತೆರೆದೇ ಇದೆ, ಹೋಗಿ" ಎಂದ.

ನಾನು ಇವರನ್ನು ತೋಳು ಹಿಡಿದು ನಡೆಸಿಕೊಂಡು ಬರಬೇಕಾಗುತ್ತದೆ ಎಂದುಕೊಂಡಿದ್ದೆ. ಇವರು ತಾವೇ ನಡೆದು ಬಂದು, ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು, ಟೀ ತರಲು ಹೇಳಿದರು. ಲೋಟ ಪೂರ್ತಿ ಕುಡಿದರು. "ಹೆಂಗಿದೆ?" ಎಂದು ಹೆದರಿಕೊಂಡೇ ಕೇಳಿದೆ. "ಹಗುರ ಕಣೇ. ಅವನು ಬೇಡ ಅಂದ್ರೂ ಹಗುರ" ಎಂದರು. ಅವರ ಮುಖ ನೋಡಿ ನನಗೇ ಅಳು ಬಂತು.

ಮಾರನೇ ದಿನ ಮತ್ತೆ ರಸ್ತೆ ದಾಟಿದರು. "ಕ್ಷಮೆ ಕೇಳಕ್ಕೆ ಬಂದಿಲ್ಲಪ್ಪಾ, ಗುಂಡಿ ಹಾಕಕ್ಕೆ ಬಂದೆ" ಎಂದು ಮೆಟ್ಟಿಲ ಮೇಲೆ ಕೂತರು. ಕೋಟು ಕತ್ತರಿಸುವ ಮಾಸ್ತರರು ಮೈದುನ ತಮ್ಮತ್ತ ಎಸೆದ ಅಂಗಿಗಳಿಗೆ ದಿನಕ್ಕೊಂದು ಗಂಟೆ ಗುಂಡಿ ಹೊಲಿದರು. ಮೊದಲ ವಾರ ಅವನು ಮಾತೇ ಆಡಲಿಲ್ಲ. ಎರಡನೇ ವಾರ, "ದಾರ ಜಾಸ್ತಿ ಸುತ್ತುತ್ತೀರಿ" ಎಂದು ತಪ್ಪು ತೆಗೆದ. ಇವರು ಬಿಚ್ಚಿ ಮತ್ತೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು, ಇವರಿಗೆ ನಗು. ವರ್ಷವರ್ಷವೂ ನಮ್ಮಲ್ಲೇ ಮಕ್ಕಳ ಕೋಟು ಹೊಲಿಸುತ್ತಿದ್ದ ಸ್ಕೂಲಿನವರು ಆ ಕೆಲಸವನ್ನು ಬೇರೆ ಕಡೆ ಕೊಟ್ಟರು. ಬೀದಿಯವರು ಎಡತೋಳು ಎನ್ನುವ ಹೆಸರನ್ನು ರಸ್ತೆ ದಾಟಿಸಿ ನಮ್ಮ ಕಡೆಗೆ ತಂದರು. "ಎಡತೋಳು ಮಾಸ್ತರೇ!" ಎಂದು ಯಾರಾದರೂ ಕೂಗಿದರೆ ಇವರು, "ಬನ್ನಿ ಬನ್ನಿ, ಬಲತೋಳೂ ಹೊಲೀತೀನಿ" ಎನ್ನುವರು. ಶನಿವಾರ ನರ್ಸಮ್ಮನ ಮನೆಯಲ್ಲಿ ಹೇಳುವುದೂ ಒಂದೇ ಮಾತು: "ಗುಂಡಿ ಹಾಕಿದೆ." ಊಟದ ನಡುವೆ ಏಳುವುದು ನಿಂತಿತು. ಕೋಟನ್ನು ಒಂದೇ ಸಲ ಅಳೆದು, ಸಾಕು ಎಂದು ಟೇಪು ಇಳಿಸುವುದನ್ನು ಈ ಕಣ್ಣಾರೆ ಕಂಡೆ. ಪ್ರಸಂಗದ ಹೊತ್ತಿಗೆ ಪಾಸ್ಟರ ಕಾಲರು ನೋಡುವುದು ಮಾತ್ರ ಬಿಟ್ಟಿಲ್ಲ, ಯೇಸುಸ್ವಾಮಿ ಅದನ್ನೂ ಒಂದು ದಿನ ಬಿಡಿಸಲಿ.

ಆರನೇ ವಾರ ಒಂದು ಬೆಳಿಗ್ಗೆ ಮೈದುನ ತಾನೇ ರಸ್ತೆ ದಾಟಿ ಬಂದ. ಕಂಕುಳಲ್ಲಿ ಒಂದು ಪೊಟ್ಟಣ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತ. ಹತ್ತೊಂಬತ್ತು ವರ್ಷದಿಂದ ಅವನು ಈ ಹೊಸ್ತಿಲು ತುಳಿದಿರಲಿಲ್ಲ.

"ಬಾರಪ್ಪಾ ಒಳಗೆ" ಎಂದೆ.

"ದೊಡ್ಡ ಮಗಳ ಮದುವೆ ಗೊತ್ತಾಗಿದೆ ಅತ್ತಿಗೆ. ನಂಗೊಂದು ಕೋಟು ಬೇಕು" ಎಂದ. ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಬಟ್ಟೆ ಹಾಸಿದ. ಒಳ್ಳೆಯ ಬಟ್ಟೆ, ಆದರೆ ಕಡಿಮೆ. ನೋಡಿದೊಡನೆ ನನಗೂ ಗೊತ್ತಾಯಿತು, ತೋಳುಗಳನ್ನು ಒಂದೊಂದಾಗಿಯೇ ಕತ್ತರಿಸಬೇಕು. ನನ್ನ ಗಂಡ ಬಟ್ಟೆಯ ಮೇಲೆ ಕೈ ಆಡಿಸಿದರು.

"ನೀನೇ ಕತ್ತರಿಸ್ಕೊಳ್ಳಪ್ಪಾ. ನಿನ್ನ ಕೈ ನಂಗಿಂತ ಚೆನ್ನಾಗಿದೆ."

"ನನ್ನ ಅಳತೆ ನಾನೇ ಹೆಂಗೆ ತಗೊಳ್ಳಲಿ?" ಎಂದ ಮೈದುನ. ಆಮೇಲೆ, ತಡೆದು ತಡೆದು, "ನೀನೇ ಕತ್ತರಿಸು ಅಣ್ಣಾ" ಎಂದ.

ಅಳತೆ ಹೇಳಿದ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಪೆನ್ಸಿಲು ಹಿಡಿದು ಕೂತೆ. ಭುಜ ಹೇಳಿದರು, ಬರೆದೆ. ತೋಳಿನ ಉದ್ದ ಹೇಳಿದರು, ಬರೆದೆ. ಆಮೇಲೆ ಎದೆ. ಎದೆಯ ಅಳತೆಗೆ ದರ್ಜಿ ಎದುರಿಗೆ ನಿಂತು, ಎರಡೂ ಕೈ ಸುತ್ತ ಹಾಕಿ, ಬೆನ್ನ ಹಿಂದಿನಿಂದ ಟೇಪನ್ನು ಮುಂದಕ್ಕೆ ತರಬೇಕು. ಇವರು ಕೈ ಸುತ್ತ ಹಾಕಿದರು. ಹಾಕಿದ ಕೈ ಮುಂದಕ್ಕೆ ಬರಲಿಲ್ಲ. ಟೇಪು ಜಾರಿ ನೆಲಕ್ಕೆ ಬಿತ್ತು. ಮೈದುನ ಎರಡೂ ಕೈ ಎತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದವನು, ಮೆಲ್ಲಗೆ ಅಣ್ಣನ ಬೆನ್ನ ಮೇಲೆ ಇಳಿಸಿದ.

"ಎದೆ ಎಷ್ಟೂರೀ?" ಎಂದು ಕೇಳಿದೆ.

ಎದೆಯ ಸಾಲನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.